ಕಲಿಸಲು ಕಲಿಯುವ ತಾಯಿ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ತಾಯಂದಿರ ಹಾಗೂ ಶಿಕ್ಷಕಿಯರ ಸಮಾವೇಶದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಅದನ್ನು ಕಟ್ಟಿದ ಹಿರಿಯರನ್ನು ನಾವು ಯಥೋಚಿತವಾಗಿ ಸ್ಮರಿಸಿದ್ದೇವೆ. ನಿವೇಶನ ಕೊಟ್ಟವರು, ಕಲ್ಲು ಹೊತ್ತವರು, ಗಂಟೆ ತರಿಸಿದವರು, ಇವರೆಲ್ಲರನ್ನೂ ಪ್ರಾರ್ಥನೆಯಲ್ಲಿ ನೆನೆದಿದ್ದೇವೆ. ಆದರೆ ಈ ನೂರು ವರ್ಷಗಳಲ್ಲಿ ಇಲ್ಲಿನ ಮಕ್ಕಳಿಗೆ ಅಕ್ಷರವನ್ನೂ ಜಪವನ್ನೂ ಕಲಿಸಿದ ಹೆಣ್ಣುಮಕ್ಕಳ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಅವರಲ್ಲಿ ಬಹುಮಂದಿ ತಾಯಂದಿರೂ ಆಗಿದ್ದರು. ಬೆಳಗಿನ ಒಲೆಯ ಕೆಲಸ ಮುಗಿಸಿ, ತಮ್ಮ ಮಗುವನ್ನು ಅತ್ತೆಯ ಕೈಗೋ ನೆರೆಮನೆಯ ಅಕ್ಕನ ಕೈಗೋ ಒಪ್ಪಿಸಿ, ಪರರ ಮಕ್ಕಳ ಬಳಿಗೆ ಓಡಿದವರು ಅವರು. ಅಂಥವರ ಕುರಿತು ಇಂದು ನಾಲ್ಕು ಮಾತುಗಳನ್ನು ಆಡಬೇಕೆಂದು ನಮಗೆ ಅನ್ನಿಸಿದೆ. ಅದಕ್ಕೆ ಮುಂಚೆ ನಮ್ಮದೇ ಒಂದು ತಪ್ಪನ್ನು ತಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದ ಸೇವೆಯಲ್ಲಿದ್ದೆವು. ಅಲ್ಲಿನ ಒಬ್ಬ ಮಗಳು ಮದುವೆಯಾಗಿ ಗಂಡನೊಡನೆ ಇಂಗ್ಲೆಂಡಿಗೆ ಹೋಗಿದ್ದಳು. ಒಂದು ದಿನ ಅವಳಿಂದ ವಿಮಾನ ಅಂಚೆಯ ನೀಲಿ ಕಾಗದವೊಂದು ಬಂದಿತು. ಅಲ್ಲಿ ಅವಳು ಶಿಕ್ಷಕಿಯರ ತರಬೇತಿಗೆ ಸೇರಿದ್ದಳು. ಮಗುವಿಗೆ ಇನ್ನೂ ಎರಡು ತುಂಬಿರಲಿಲ್ಲ. ನಡುವೆ ಗಂಡನ ಕೆಲಸ ಹೋಯಿತು. ಮನೆಯಲ್ಲಿ ಮಾತು ಬಿರುಸಾಯಿತು. ಕೊನೆಗೆ ಆತನು ಬೇರೆ ಊರಿಗೆ ಹೊರಟುಹೋದನು. ಪರದೇಶ, ಒಂಟಿತನ, ಕೈಗೂಸು, ಮುಗಿಯದ ಓದು, ಇವಿಷ್ಟೂ ಒಮ್ಮೆಗೇ ಅವಳ ತಲೆಯ ಮೇಲೆ ಬಂದಿದ್ದವು. ಅವಳು ಬರೆದಿದ್ದಳು: “ಸ್ವಾಮಿ, ಪರರ ಮಕ್ಕಳ ಅಳುವನ್ನು ಸಂತೈಸುವ ವಿದ್ಯೆಯನ್ನು ಹಗಲೆಲ್ಲ ಕಲಿಯುತ್ತೇನೆ. ನನ್ನ ಮಗುವನ್ನು ಬೇರೆಯವರ ಮನೆಯಲ್ಲಿ ಬಿಟ್ಟು ಬರುವಾಗ ಅದರ ಅಳು ಬಾಗಿಲಿನ ಹಿಂದಿನಿಂದ ಕೇಳುತ್ತಲೇ ಇರುತ್ತದೆ. ನಾನು ಮಾಡುತ್ತಿರುವುದು ಪಾಪವೇ?”

ನಾವು ಅವಳಿಗೆ ನಾಲ್ಕು ಸಾಲಿನ ಉತ್ತರ ಬರೆದೆವು. ಮಾತೆ ಮರಿಯಮ್ಮನವರನ್ನು ನೆನೆ, ಸಹಿಸಿಕೋ, ತಪ್ಪದೆ ಜಪಸರ ಹೇಳು, ದೇವರು ಕೈಬಿಡನು ಎಂದೆವು. ಬರೆದದ್ದು ಯಾವುದೂ ಸುಳ್ಳಲ್ಲ. ಆದರೆ ಅವಳು ಕೇಳಿದ ಪ್ರಶ್ನೆಗೆ ಮಾತ್ರ ನಾವು ಉತ್ತರಿಸಿರಲಿಲ್ಲ. ಆ ಉತ್ತರವನ್ನು ಇಂದು ಕೊಡಲು ಯತ್ನಿಸುತ್ತೇವೆ. ಅದಕ್ಕಾಗಿ, ಅವಳಿಗಿಂತ ಬಹಳ ಮುಂಚೆ ಇದೇ ದಾರಿಯಲ್ಲಿ ನಡೆದ ಒಬ್ಬ ತಾಯಿಯ ಕಥೆಯನ್ನು ಹೇಳಬೇಕು. ಆಕೆ ನಮ್ಮ ಕಥೋಲಿಕ ಧರ್ಮಸಭೆಯ ಮಗಳು. ನಮ್ಮ ದೇಶದಲ್ಲಿ ಬಹುಕಾಲ ಪರದೇಶಿಯಾಗಿ ಬಾಳಿದವಳು. ಹೆಸರನ್ನು ತಾವೆಲ್ಲರೂ ಶಾಲೆಗಳ ಫಲಕಗಳ ಮೇಲೆ ಓದಿದ್ದೀರಿ: ಮಾರಿಯಾ ಮಾಂಟೆಸ್ಸೋರಿ.

ಮೈಸೂರಿನ ಬೀದಿಗಳಲ್ಲಿ ಇಂದು ಮಾಂಟೆಸ್ಸೋರಿ ಎಂದರೆ ಪುಟ್ಟ ಮಕ್ಕಳ ಶಾಲೆ ಎಂದೇ ಅರ್ಥ. “ಮಗುವನ್ನು ಮಾಂಟೆಸ್ಸೋರಿಗೆ ಹಾಕಿದ್ದೇವೆ” ಎನ್ನುತ್ತೇವೆ. ಅದು ಒಬ್ಬ ಸ್ತ್ರೀಯ ಹೆಸರೆಂಬುದೇ ಅನೇಕರಿಗೆ ಮರೆತುಹೋಗಿದೆ. ಆ ಸ್ತ್ರೀ ಒಬ್ಬ ತಾಯಿಯೂ ಆಗಿದ್ದಳೆಂಬುದು ಇನ್ನೂ ಕಡಿಮೆ ಮಂದಿಗೆ ತಿಳಿದಿದೆ.

ಆಕೆ ಜನಿಸಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಲ್ಲೆ ಎಂಬ ಊರಿನಲ್ಲಿ. ತಂದೆತಾಯಿಯರಿಗೆ ಒಬ್ಬಳೇ ಮಗಳು. ಹೆಣ್ಣುಮಕ್ಕಳು ವೈದ್ಯಶಾಸ್ತ್ರ ಓದುವುದು ಅಪೂರ್ವವಾಗಿದ್ದ ಆ ಕಾಲದಲ್ಲಿ, 1896ರಲ್ಲಿ, ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದಳು. 1898ರ ಮಾರ್ಚ್ 31ರಂದು ಆಕೆಗೆ ಒಂದು ಗಂಡುಮಗು ಹುಟ್ಟಿತು. ಅದಕ್ಕೆ ಮಾರಿಯೋ ಎಂದು ಹೆಸರಾಯಿತು. ಮಗುವಿನ ತಂದೆ ಆಕೆಯ ಸಹೋದ್ಯೋಗಿಯಾಗಿದ್ದ ವೈದ್ಯ ಮೊಂತೆಸಾನೊ. ಅವರಿಗೆ ಮದುವೆಯಾಗಿರಲಿಲ್ಲ; ಮುಂದೆಯೂ ಆಗಲಿಲ್ಲ.

ಈ ಸಂಗತಿಯನ್ನು ದೇವಾಲಯದ ಸಭೆಯಲ್ಲಿ ಹೇಳುವುದು ಸರಿಯೇ ಎಂದು ಕೆಲವರಿಗೆ ಅನ್ನಿಸಬಹುದು. ಅದನ್ನು ಬಿಟ್ಟು ಆಕೆಯ ಕೀರ್ತಿಯನ್ನಷ್ಟೇ ಹೊಗಳುವುದು ನಮಗೂ ಸುಲಭವಾಗಿತ್ತು. ಆದರೆ ಹಾಗೆ ಮಾಡಿದರೆ ಆ ತಾಯಿಯನ್ನು ಅಂದಿನ ರೋಮ್ ನಗರ ಹೇಗೆ ನಡೆಸಿಕೊಂಡಿತೋ ನಾವೂ ಹಾಗೆಯೇ ನಡೆಸಿಕೊಂಡಂತಾಗುತ್ತದೆ. ಮದುವೆಯ ಹೊರಗೆ ಮಗು ಹುಟ್ಟಿದ್ದು ತಿಳಿದರೆ ಒಬ್ಬ ವೈದ್ಯೆಯ ವೃತ್ತಿ ಅಂದೇ ಮುಗಿಯುವ ಕಾಲವದು. ಆದಕಾರಣ ಮಗುವನ್ನು ಹಳ್ಳಿಯ ಒಂದು ಕುಟುಂಬದ ವಶಕ್ಕೆ ಕೊಡಲಾಯಿತು. ತಾಯಿ ಆಗಾಗ್ಗೆ ಹೋಗಿ ನೋಡಿ ಬರುತ್ತಿದ್ದಳು. ತಾನು ತಾಯಿಯೆಂದು ಹೇಳದೆ ಬರುತ್ತಿದ್ದಳು.

ಮುಂದಿನದನ್ನು ಶಿಕ್ಷಕಿಯರು ವಿಶೇಷವಾಗಿ ಗಮನಿಸಬೇಕು. 1900ರಲ್ಲಿ ರೋಮ್ ನಗರದಲ್ಲಿ, ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಕಲಿಸುವ ಶಿಕ್ಷಕರಿಗಾಗಿ ಒಂದು ತರಬೇತಿ ಶಾಲೆ ಆರಂಭವಾಯಿತು. ಅದರ ನಿರ್ದೇಶಕರು ಇಬ್ಬರು: ಮಾರಿಯಾ ಮಾಂಟೆಸ್ಸೋರಿ ಹಾಗೂ ಮಗುವಿನ ತಂದೆಯಾದ ಅದೇ ಮೊಂತೆಸಾನೊ. ಹಗಲಿನಲ್ಲಿ ಆಕೆ ಶಿಕ್ಷಕರಿಗೆ ಮಕ್ಕಳನ್ನು ತಾಳ್ಮೆಯಿಂದ ನೋಡುವ ಬಗೆಯನ್ನು ಕಲಿಸುತ್ತಿದ್ದಳು. ಆಕೆಯ ಸ್ವಂತ ಮಗು ಎರಡು ವರ್ಷದ್ದು. ಅದು ಹಳ್ಳಿಯಲ್ಲಿ ಬೇರೆ ಹೆಂಗಸಿನ ಸೆರಗು ಹಿಡಿದು ನಡೆಯುತ್ತಿತ್ತು. 1901ರಲ್ಲಿ ಆ ವೈದ್ಯನು ಬೇರೊಬ್ಬಳನ್ನು ಮದುವೆಯಾದನು. ಆಕೆ ಆ ಶಾಲೆಯನ್ನು ತೊರೆದಳು. ಕೈಯಲ್ಲಿದ್ದ ಕೆಲಸವೂ ಹೋಯಿತು, ನಂಬಿದ ಸ್ನೇಹವೂ ಹೋಯಿತು. ಆಕೆ ಮತ್ತೆ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿನಿಯಾಗಿ ಹಿಂದಿರುಗಿದಳು.

1907ರ ಜನವರಿ 6ರಂದು, ಮೂವರು ಜ್ಞಾನಿಗಳು ಬಾಲಯೇಸುವನ್ನು ಕಾಣಲು ಬಂದ ಹಬ್ಬದ ದಿನ, ರೋಮ್ ನಗರದ ಸಾನ್ ಲೊರೆನ್ಸೊ ಎಂಬ ಬಡವರ ಬಡಾವಣೆಯಲ್ಲಿ ಆಕೆಯ ಮೊದಲ ‘ಮಕ್ಕಳ ಮನೆ’ ತೆರೆಯಿತು. ತಂದೆತಾಯಿಯರು ದುಡಿಯಲು ಹೋದಾಗ ಮೆಟ್ಟಿಲುಗಳ ಮೇಲೆ ದಿಕ್ಕಿಲ್ಲದೆ ಅಲೆಯುತ್ತಿದ್ದ ಮಕ್ಕಳಿಗಾಗಿ ಅದನ್ನು ತೆರೆದದ್ದು. ಅಂದರೆ, ಇಂದು ಜಗತ್ತಿಗೆಲ್ಲ ಪರಿಚಿತವಾದ ಈ ಶಿಕ್ಷಣ ಪದ್ಧತಿಯು ಹುಟ್ಟಿದ್ದೇ ದುಡಿಯುವ ತಾಯಂದಿರ ಮಕ್ಕಳನ್ನು ಹಗಲಿನಲ್ಲಿ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಯಿಂದ. ಎರಡು ವರ್ಷಗಳ ಬಳಿಕ, 1909ರಲ್ಲಿ, ಆಕೆ ಶಿಕ್ಷಕರಿಗೆ ತನ್ನ ಪದ್ಧತಿಯ ಮೊದಲ ತರಬೇತಿಯನ್ನು ನೀಡಿದಳು. 1912ರ ಡಿಸೆಂಬರಿನಲ್ಲಿ ಆಕೆಯ ತಾಯಿ ತೀರಿಕೊಂಡಳು. ಅದಾದ ಮೇಲೆ, 1913ರಲ್ಲಿ, ಹದಿನೈದರ ಹರೆಯದ ಮಾರಿಯೋ ತಾಯಿಯ ಬಳಿಗೆ ಬಂದನು. ಅಂದಿನಿಂದ ಅವರು ಒಟ್ಟಿಗೆ ಬಾಳಿದರು. ಆದರೆ ಜನರ ಮುಂದೆ ಆತನು ಒಮ್ಮೆ ಸೋದರಳಿಯ, ಒಮ್ಮೆ ದತ್ತುಪುತ್ರ. ಒಡಹುಟ್ಟಿದವರೇ ಇಲ್ಲದ ಆಕೆಗೆ ಸೋದರಳಿಯನು ಎಲ್ಲಿಂದ ಬಂದನೆಂದು ಕೇಳಿದವರು ಕಡಿಮೆ. ಲೋಕಕ್ಕೆ ಬೇಕಾಗಿದ್ದುದು ಸತ್ಯವಲ್ಲ. ಕೇಳಲು ಹಿತವಾದ ಒಂದು ಹೆಸರು ಮಾತ್ರ.

ತರುವಾಯದ ಬದುಕು ಒಂದು ದೀರ್ಘ ಅಲೆದಾಟ. ಹಲವು ವರ್ಷ ಸ್ಪೇನ್ ದೇಶದ ಬಾರ್ಸಿಲೋನಾ ಆಕೆಯ ನೆಲೆಯಾಯಿತು. 1934ರಲ್ಲಿ ಇಟಲಿಯಲ್ಲಿ ಮುಸ್ಸೊಲಿನಿಯ ಸರ್ಕಾರದೊಡನೆ ಹೊಂದಾಣಿಕೆ ಮುರಿದು ಆಕೆಯ ಶಾಲೆಗಳು ಮುಚ್ಚಿದವು. 1936ರಲ್ಲಿ ಸ್ಪೇನಿನ ಅಂತರ್ಯುದ್ಧವು ಬಾರ್ಸಿಲೋನಾದ ಮನೆಯನ್ನೂ ಬಿಡಿಸಿತು. ಬಳಿಕ ಹಾಲೆಂಡ್ ಆಶ್ರಯ ನೀಡಿತು. ಅಲ್ಲಿಂದ 1939ರ ನವೆಂಬರಿನಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮಗನೊಡನೆ ಮದರಾಸಿಗೆ ಬಂದಿಳಿದಳು. ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜಾರ್ಜ್ ಅರುಂಡೇಲ್ ಅವರ ಆಹ್ವಾನದ ಮೇರೆಗೆ ಅಡೆಯಾರಿನಲ್ಲಿ ಕೆಲವು ತಿಂಗಳು ಶಿಕ್ಷಕರಿಗೆ ತರಬೇತಿ ನೀಡಿ ಹಿಂದಿರುಗುವುದೆಂದು ನಿಶ್ಚಯವಾಗಿತ್ತು. ಆ ಕೆಲವು ತಿಂಗಳು ಏಳು ವರ್ಷಗಳಾಗಿ ಬೆಳೆದವು.

ಆತಿಥ್ಯ ನೀಡಿದ ಸಂಸ್ಥೆಯ ತತ್ತ್ವಗಳು ಬೇರೆ. ಆಕೆ ಹುಟ್ಟಿ ಬೆಳೆದ ವಿಶ್ವಾಸ ಬೇರೆ. ಪವಿತ್ರ ಬಲಿಪೂಜೆಯನ್ನು ಮಕ್ಕಳಿಗೆ ವಿವರಿಸಲು ಒಂದು ಪುಸ್ತಕವನ್ನೇ ಬರೆದವಳು ಆಕೆ. ಹಾಗಿದ್ದರೂ ಕಷ್ಟಕಾಲದಲ್ಲಿ ಬಾಗಿಲು ತೆರೆದವರ ಮನೆಯಲ್ಲಿ ಕೃತಜ್ಞತೆಯಿಂದ ಬಾಳಿದಳು. ಅಡೆಯಾರಿನಲ್ಲಿ ಗರಿಯ ಗುಡಿಸಲುಗಳನ್ನು ಕಟ್ಟಲಾಯಿತು. ಮೊದಲ ತರಬೇತಿಗೆ ದೇಶದ ನಾನಾ ಕಡೆಗಳಿಂದ ಮುನ್ನೂರಕ್ಕೂ ಮಿಕ್ಕಿ ಮಂದಿ ಸೇರಿದರು. ಆಕೆ ಇಟಾಲಿಯನ್ ಭಾಷೆಯಲ್ಲಿ ಮಾತನಾಡುತ್ತಿದ್ದಳು. ಮಗ್ಗುಲಲ್ಲಿ ನಿಂತ ಮಾರಿಯೋ ವಾಕ್ಯ ವಾಕ್ಯವಾಗಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದನು. ತಾಯಿಯ ಮಾತು ಮಗನ ಬಾಯಿಂದ ಹೊರಬಂದು ಶಿಕ್ಷಕಿಯರ ಕಿವಿಯನ್ನು ತಲುಪುತ್ತಿತ್ತು.

1940ರ ಜೂನ್ 10ರಂದು ಇಟಲಿಯು ಬ್ರಿಟನ್ನಿನ ವಿರುದ್ಧ ಯುದ್ಧಕ್ಕಿಳಿಯಿತು. ಭಾರತವು ಬ್ರಿಟಿಷರ ಆಳ್ವಿಕೆಯಲ್ಲಿದ್ದುದರಿಂದ ಇಲ್ಲಿದ್ದ ಇಟಲಿಯವರೆಲ್ಲ ಒಂದೇ ರಾತ್ರಿಯಲ್ಲಿ ಶತ್ರುದೇಶದ ಪ್ರಜೆಗಳಾದರು. ಆ ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ನಮ್ಮ ಬೆಂಗಳೂರಿನ ಜಾಲಹಳ್ಳಿಯ ಶಿಬಿರಗಳಲ್ಲಿ ಇರಿಸಿದ್ದುದನ್ನು ಹಿರಿಯರಿಂದ ಕೇಳಿದವರು ಇಲ್ಲಿ ಇರಬಹುದು. ಮಾರಿಯೋನನ್ನು ಅಹಮದ್‌ನಗರದ ನಿರ್ಬಂಧ ಶಿಬಿರಕ್ಕೆ ಒಯ್ದರು. ವೃದ್ಧ ತಾಯಿಗೆ ಅಡೆಯಾರಿನ ಆವರಣವನ್ನು ದಾಟದಂತೆ ಕಟ್ಟಳೆಯಾಯಿತು. ಹದಿನೈದು ವರ್ಷ ಅಗಲಿ ಪಡೆದ ಮಗನನ್ನು ಆಕೆ ಎರಡನೆಯ ಬಾರಿ ಅಗಲಿದಳು. ಆಗಲೂ ಆಕೆಯ ಮುಂದಿದ್ದುದು ಕಲಿಯಲು ಬಂದ ಶಿಕ್ಷಕಿಯರು.

ಆಗಸ್ಟ್ 31 ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ವೈಸರಾಯರಿಂದ ಒಂದು ತಂತಿ ಬಂದಿತು. ಹುಟ್ಟುಹಬ್ಬಕ್ಕೆ ತಕ್ಕ ಉಡುಗೊರೆ ಯಾವುದೆಂದು ಯೋಚಿಸಿ, ಮಗನನ್ನೇ ಹಿಂದಿರುಗಿಸಲು ನಿರ್ಧರಿಸಿದ್ದೇವೆ ಎಂಬುದು ಅದರ ತಾತ್ಪರ್ಯ. ಆ ತಂತಿಯಲ್ಲಿ ಸೋದರಳಿಯ ಎಂದಿರಲಿಲ್ಲ, ದತ್ತುಪುತ್ರ ಎಂದೂ ಇರಲಿಲ್ಲ, ಮಗ ಎಂದಿತ್ತು. ನಲವತ್ತೆರಡು ವರ್ಷ ಲೋಕದ ಮುಂದೆ ಬಚ್ಚಿಟ್ಟ ಒಂದು ಮಾತನ್ನು, ಆಕೆಯನ್ನು ನಿರ್ಬಂಧದಲ್ಲಿಟ್ಟಿದ್ದ ಸರ್ಕಾರವೇ ಎಲ್ಲರಿಗೂ ಕೇಳುವಂತೆ ಹೇಳಿತು. ನಾವು ಅದನ್ನು ಓದಿದಾಗಲೆಲ್ಲ ನಮ್ಮ ಮನಸ್ಸಿಗೆ ಒಂದು ನೋವಾಗುತ್ತದೆ. ಆ ಮಾತನ್ನು ಬಹಳ ಮುಂಚೆ, ಪ್ರೀತಿಯಿಂದ, ನೆರೆಹೊರೆಯವರೂ ಸಹಧರ್ಮೀಯರೂ ಹೇಳಬಹುದಾಗಿತ್ತಲ್ಲವೇ?

ಮಾರಿಯೋನಿಗೆ ನಾಲ್ವರು ಮಕ್ಕಳು. ಅವರೆಲ್ಲರೂ ಹಾಲೆಂಡಿನಲ್ಲೇ ಉಳಿದಿದ್ದರು. 1940ರ ಮೇ ತಿಂಗಳಲ್ಲಿ ಆ ದೇಶವು ಜರ್ಮನರ ವಶವಾಯಿತು. ಸ್ನೇಹಿತರ ಕುಟುಂಬವೊಂದು ಯುದ್ಧಕಾಲವೆಲ್ಲ ಆ ಮಕ್ಕಳನ್ನು ಸಾಕಿತು. ಇತ್ತ 1942ರಿಂದ 1944ರವರೆಗೆ ಅಜ್ಜಿಯು ಕೊಡೈಕೆನಾಲಿನ ಬೆಟ್ಟದ ಮೇಲೆ ನಾನಾ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಗಿಡ, ಕೀಟ, ಕಲ್ಲು, ನಕ್ಷತ್ರಗಳನ್ನು ಕುರಿತ ಪಾಠಗಳನ್ನು ರೂಪಿಸುತ್ತಿದ್ದಳು. ತನ್ನ ಮೊಮ್ಮಕ್ಕಳನ್ನು ಮತ್ತೆ ಕಂಡದ್ದು 1946ರಲ್ಲಿ ಯುರೋಪಿಗೆ ಹಿಂದಿರುಗಿದ ಮೇಲೆ. ಮರುವರ್ಷವೇ ಪುನಃ ಭಾರತಕ್ಕೆ ಬಂದು 1949ರವರೆಗೆ ಕೆಲಸ ಮಾಡಿದಳು. ನಮ್ಮ ದೇಶದಲ್ಲಿ ಆಕೆಯ ಕೈಕೆಳಗೆ ತರಬೇತಿ ಪಡೆದವರು ಸಾವಿರಕ್ಕೂ ಹೆಚ್ಚು ಮಂದಿ. ಆಕೆಯ ಪ್ರತಿನಿಧಿಯಾಗಿ ಇಲ್ಲಿಗೆ ಬಂದ ಜೂಸ್ಟನ್ ಎಂಬವರು ಆ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು. ಬೆಂಗಳೂರಿನಲ್ಲಿ ಇಂದಿಗೂ ಆ ತರಬೇತಿ ನಡೆಯುತ್ತಿದೆ. ಆಕೆ 1952ರ ಮೇ 6ರಂದು ಹಾಲೆಂಡಿನ ಕಡಲತೀರದ ಊರೊಂದರಲ್ಲಿ ಪ್ರಭುವಿನಲ್ಲಿ ನಿದ್ರೆಹೋದಳು.

ಪ್ರಿಯರೇ, ಈ ಕಥೆಯನ್ನು ನಾವು ಸಾಧನೆಯ ಕಥೆಯೆಂದು ಹೇಳಲಿಲ್ಲ. ಇಂಥ ಸಭೆಗಳಲ್ಲಿ ನಾವು ಸಾಮಾನ್ಯವಾಗಿ “ನೋಡಿರಿ, ಆಕೆ ಮನೆಯನ್ನೂ ಕೆಲಸವನ್ನೂ ಎಷ್ಟು ಚೆನ್ನಾಗಿ ತೂಗಿಸಿದಳು, ನೀವೂ ಹಾಗೆ ತೂಗಿಸಿರಿ” ಎಂದು ತಾಯಂದಿರಿಗೆ ಉಪದೇಶಿಸುತ್ತೇವೆ. ಆದರೆ ಆಕೆ ತೂಗಿಸಲಿಲ್ಲ. ತೂಗಿಸಲು ಲೋಕ ಬಿಡಲಿಲ್ಲ. ಒಂದು ತಟ್ಟೆಯಲ್ಲಿ ಮಗುವನ್ನಿಟ್ಟರೆ ಇನ್ನೊಂದು ತಟ್ಟೆಯನ್ನು ಕಿತ್ತುಕೊಳ್ಳುತ್ತೇವೆಂದು ಅಂದಿನ ಸಮಾಜ ಹೇಳಿತು. ಮುಂದೆ ಆಕೆಗೆ ನೆಲೆ ದೊರೆತದ್ದು ತಕ್ಕಡಿಯನ್ನು ಬೇರೆಯವರೂ ಹಿಡಿದಾಗ ಮಾತ್ರ. ಮಗನು ದುಭಾಷಿಯಾದನು, ಅನ್ಯಮತದ ಅತಿಥೇಯರು ಸೂರು ಕೊಟ್ಟರು, ಮೊಮ್ಮಕ್ಕಳಿಗೆ ಸ್ನೇಹಿತರ ಮನೆ ಅನ್ನವಿಟ್ಟಿತು. ಹೀಗೆ ನಾಲ್ಕು ಕೈಗಳು ಸೇರಿದ್ದರಿಂದ ಸಾವಿರ ಶಿಕ್ಷಕರು ತರಬೇತಿ ಹೊಂದಿದರು.

ನಿಯಮವು ತಾಯಿಯನ್ನು ಮುರಿಯದೆ, ತಾಯಿಗಾಗಿ ತಾನೇ ಬಾಗಿದ ಒಂದು ಉದಾಹರಣೆಯೂ ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿದೆ. ಅದನ್ನೂ ಹೇಳದಿದ್ದರೆ ನಮ್ಮ ಮಾತು ಅರ್ಧವಾದೀತು. ಅಮೆರಿಕದ ನ್ಯೂಯಾರ್ಕಿನಲ್ಲಿ 1774ರಲ್ಲಿ ಜನಿಸಿದ ಎಲಿಜಬೆತ್ ಆ್ಯನ್ ಸೀಟನ್ ಐದು ಮಕ್ಕಳ ತಾಯಿ. ಗಂಡನ ವ್ಯಾಪಾರ ಮುಳುಗಿತು, ಆತನಿಗೆ ಕ್ಷಯರೋಗ. ಹವೆ ಬದಲಾವಣೆಗೆಂದು 1803ರಲ್ಲಿ ಹಿರಿಯ ಮಗಳನ್ನು ಮಾತ್ರ ಜೊತೆಗೆ ಕರೆದುಕೊಂಡು, ಉಳಿದ ನಾಲ್ವರನ್ನು ಬಂಧುಗಳಲ್ಲಿ ಬಿಟ್ಟು, ಇಟಲಿಗೆ ಹೊರಟರು. ಹಡಗು ಲಿವೊರ್ನೊ ಬಂದರು ಸೇರಿದಾಗ ಸಾಂಕ್ರಾಮಿಕ ಜ್ವರದ ಶಂಕೆಯಿಂದ ಅವರನ್ನು ಚಳಿಗಾಳಿಯ ಪ್ರತ್ಯೇಕ ಗೃಹದಲ್ಲಿ ಕೂಡಿಹಾಕಿದರು. ಅಲ್ಲಿಂದ ಹೊರಬಂದ ಕೆಲವೇ ದಿನಗಳಲ್ಲಿ, ಡಿಸೆಂಬರ್ 27ರಂದು, ಗಂಡ ತೀರಿಹೋದನು. ಪರದೇಶದಲ್ಲಿ ವಿಧವೆಯಾದ ಆ ತಾಯಿಯನ್ನು ಸಂತೈಸಿದವರು ಇಟಲಿಯ ಒಂದು ಕಥೋಲಿಕ ಕುಟುಂಬದವರು. 1805ರಲ್ಲಿ ಆಕೆ ಕಥೋಲಿಕ ಧರ್ಮಸಭೆಯನ್ನು ಸೇರಿದಳು. ಅನೇಕ ಬಂಧುಗಳು ದೂರವಾದರು. ಹೊಟ್ಟೆಪಾಡಿಗಾಗಿ ಶಾಲೆ ನಡೆಸಿದಳು. 1809ರಲ್ಲಿ ಎಮಿಟ್ಸ್‌ಬರ್ಗ್ ಎಂಬಲ್ಲಿ ಕನ್ಯಾಸ್ತ್ರೀಯರ ಸಭೆಯೊಂದನ್ನು ಸ್ಥಾಪಿಸಿ, ಸಹೋದರಿಯರನ್ನು ಶಿಕ್ಷಕಿಯರನ್ನಾಗಿ ತಿದ್ದಿದಳು.

ಕನ್ಯಾಸ್ತ್ರೀಮಠದ ಮುಖ್ಯಸ್ಥೆಯೊಬ್ಬಳು ತನ್ನ ಮಕ್ಕಳನ್ನೂ ಸಾಕುವುದು ಹೇಗೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಮಕ್ಕಳನ್ನು ಬಿಡುವ ಮಾತಿಗೆ ಆಕೆ ಒಪ್ಪಲಿಲ್ಲ. ಸಭೆಯ ನಿಯಮಾವಳಿಯಲ್ಲಿ ಆಕೆಯ ಮಕ್ಕಳ ಪಾಲನೆಗಾಗಿ ಅವಕಾಶವನ್ನು ಕಲ್ಪಿಸಲಾಯಿತು. ಆ ತಾಯಿಯನ್ನು 1975ರ ಸೆಪ್ಟೆಂಬರ್ 14ರಂದು ಜಗದ್ಗುರು ಆರನೆಯ ಪೌಲರು ಸಂತ ಪದವಿಗೆ ಏರಿಸಿದರು. ಒಂದು ವಾಕ್ಯವನ್ನು ತಿದ್ದಿದ್ದರಿಂದ ನಿಯಮವೇನೂ ಕೆಡಲಿಲ್ಲ. ಧರ್ಮಸಭೆಗೆ ಒಬ್ಬ ಸಂತಳು ದೊರೆತಳು.

ಇನ್ನು ನಮ್ಮ ಮೈಸೂರಿಗೆ ಬರೋಣ. ಈ ಊರು ಶಿಕ್ಷಕರನ್ನು ತಯಾರುಮಾಡುವ ಊರು. 1963ರಲ್ಲಿ ಮಾನಸಗಂಗೋತ್ರಿಯ ಮಗ್ಗುಲಲ್ಲಿ ಸ್ಥಾಪನೆಗೊಂಡ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ಇಂದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂದು ಹೆಸರಾಗಿದೆ. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣಗಳಿಂದ ಅಲ್ಲಿಗೆ ವಿದ್ಯಾರ್ಥಿನಿಯರು ಬರುತ್ತಾರೆ. ವಿಶ್ವವಿದ್ಯಾಲಯಕ್ಕೆ ಕಡಲಾಚೆಯ ದೇಶಗಳಿಂದಲೂ ಬರುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ಇಂಗ್ಲೆಂಡೂ ದುಬೈಯೂ ಪರದೇಶವಾಗಿರುವಂತೆ ಮೈಸೂರು ಅವರಿಗೆ ಪರದೇಶ. ಭಾನುವಾರದ ಪೂಜೆಯಲ್ಲಿ ಕೊನೆಯ ಸಾಲಿನಲ್ಲಿ, ಭಾಷೆ ಸರಿಯಾಗಿ ತಿಳಿಯದೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಹೆಂಗಸನ್ನು ತಾವು ನೋಡಿರಬಹುದು. ಮಗು ಅತ್ತರೆ ಹಿಂದಿರುಗಿ ನೋಡಿಯೂ ಇರಬಹುದು.

ತರಬೇತಿಯ ನಿಯಮಗಳು ಕಠಿಣ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಬಿ.ಎಡ್. ಅವಧಿಯನ್ನು ಎರಡು ವರ್ಷಕ್ಕೆ ಏರಿಸಿ, ತರಗತಿಗಳಿಗೆ ಶೇಕಡ 80, ಶಾಲೆಯಲ್ಲಿ ನಡೆಸುವ ಪಾಠಾಭ್ಯಾಸಕ್ಕೆ ಶೇಕಡ 90 ಹಾಜರಿಯನ್ನು ವಿಧಿಸಿತು. ಒಳ್ಳೆಯ ಶಿಕ್ಷಕಿಯರು ಬೇಕೆಂದರೆ ಹಾಜರಿ ಬೇಕೇ ಬೇಕು. ಅದನ್ನು ನಾವು ದೂಷಿಸುವುದಿಲ್ಲ. ಆದರೆ ಹಾಲುಕುಡಿಯುವ ಮಗುವಿಗೆ ಜ್ವರ ಬಂದರೆ ಆ ಶೇಕಡ 90ರ ಲೆಕ್ಕ ತಪ್ಪಿಹೋಗುತ್ತದೆ. ಉದ್ಯೋಗದಲ್ಲಿರುವ ತಾಯಿಗೆ 2017ರ ತಿದ್ದುಪಡಿಯಂತೆ 26 ವಾರಗಳ ಹೆರಿಗೆ ರಜೆ ಇದೆ. ಕಲಿಯುತ್ತಿರುವ ತಾಯಿಯು ಉದ್ಯೋಗಿಯಲ್ಲ. ವಿದ್ಯಾರ್ಥಿನಿಯರಿಗೂ ಹೆರಿಗೆಯ ರಜೆ ಹಾಗೂ ಹಾಜರಿಯ ರಿಯಾಯಿತಿಗೆ ನಿಯಮ ರೂಪಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆಯಿತು. ಅಂಥ ನಿಯಮವಿದೆಯೇ ಎಂದು ಕೇಳಿ ತಿಳಿಯುವ ಧೈರ್ಯ ಒಂಟಿ ಹುಡುಗಿಗೆ ಬಾರದು. ನಮ್ಮಲ್ಲಿರುವ ಉಪನ್ಯಾಸಕರೂ ನಿವೃತ್ತ ಮುಖ್ಯೋಪಾಧ್ಯಾಯಿನಿಯರೂ ಅವಳ ಜೊತೆಗೆ ಕಚೇರಿಯವರೆಗೆ ನಡೆಯಬಹುದು.

ಶತಮಾನೋತ್ಸವದ ನೆನಪಿಗೆ ನಮ್ಮ ಧರ್ಮಕೇಂದ್ರದ ಮುಂದೆ ಮೂರು ಕೋರಿಕೆಗಳನ್ನು ಇಡುತ್ತೇವೆ.

ಮೊದಲನೆಯದು: ಧರ್ಮೋಪದೇಶದ ತರಗತಿ ನಡೆಯುವ ಕೋಣೆ ವಾರದಲ್ಲಿ ಆರು ದಿನ ಬೀಗ ಹಾಕಿರುತ್ತದೆ. ಪರೀಕ್ಷೆಯ ತಿಂಗಳುಗಳಲ್ಲಿ ಹಾಗೂ ಪಾಠಾಭ್ಯಾಸದ ವಾರಗಳಲ್ಲಿ ಅದನ್ನು ತೆರೆಯೋಣ. ನಿವೃತ್ತ ಶಿಕ್ಷಕಿಯರೂ ಅಜ್ಜಿಯರೂ ಸರದಿಯಂತೆ, ಒಮ್ಮೆಗೆ ಇಬ್ಬರಿಗೆ ಕಡಿಮೆಯಿಲ್ಲದೆ ಇದ್ದು, ಕಲಿಯಲು ಹೋಗುವ ತಾಯಿಯ ಮಗುವನ್ನು ನೋಡಿಕೊಳ್ಳಲಿ. ತಾಯಿಯ ಮತ ಯಾವುದೆಂದು ಕೇಳುವುದು ಬೇಡ.

ಎರಡನೆಯದು: ದೇವಾಲಯದ ಅಂಗಳದಲ್ಲಿ ನಾವು ಕೇಳುವ ಒಂದು ಪ್ರಶ್ನೆಯನ್ನು ನಿಲ್ಲಿಸೋಣ. ಮಗುವಿನೊಡನೆ ಒಬ್ಬಳೇ ಬಂದವಳನ್ನು ಕಂಡ ಕೂಡಲೇ “ಯಜಮಾನರು ಎಲ್ಲಮ್ಮಾ?” ಎನ್ನುತ್ತೇವೆ. ವಿಶ್ವಾಸದಿಂದಲೇ ಕೇಳಿರಬಹುದು. ಆದರೆ ಆ ಪ್ರಶ್ನೆಗೆ ಉತ್ತರವಿಲ್ಲದವಳು ಮುಂದಿನ ಭಾನುವಾರ ಯಾರೂ ಗುರುತಿಸದ ಬೇರೊಂದು ದೇವಾಲಯಕ್ಕೆ ಹೋಗುತ್ತಾಳೆ; ಅದರ ಮುಂದಿನ ಭಾನುವಾರ ಎಲ್ಲಿಗೂ ಹೋಗುವುದಿಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 877ನೆಯ ವಿಧಿಯು, ಮದುವೆಯಾಗದ ತಾಯಿಯು ತಾನಾಗಿ ಕೇಳಿಕೊಂಡರೆ ಅವಳ ಹೆಸರನ್ನು ಮಗುವಿನ ಸ್ನಾನದೀಕ್ಷೆಯ ದಾಖಲೆಯಲ್ಲಿ ಬರೆಯಬೇಕೆಂದು ಹೇಳುತ್ತದೆ. ನಮ್ಮ ಕಾನೂನು ಕೊಡುವಷ್ಟು ಮರ್ಯಾದೆಯನ್ನು ನಮ್ಮ ನಾಲಗೆಯೂ ಕೊಡಲಿ.

ಮೂರನೆಯದು ಹಿಂದಿನ ಸಾಲಿನ ಸಹೋದರರಿಗೆ. ಹೆರೋದನ ಭಯದಿಂದ ಪವಿತ್ರ ಕುಟುಂಬವು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟಾಗ ಸಂತ ಜೋಸೆಫರು ಏನು ಮಾತನಾಡಿದರೆಂದು ಶುಭಸಂದೇಶದಲ್ಲಿ ಬರೆದಿಲ್ಲ. ಎದ್ದರು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ನಡೆದರು ಎಂದಷ್ಟೇ ಇದೆ. ಹೆಂಡತಿ ಓದಲು ಕುಳಿತಾಗ ತೊಟ್ಟಿಲು ತೂಗುವುದಕ್ಕೆ ಇದಕ್ಕಿಂತ ಹಿರಿದಾದ ಆದರ್ಶವನ್ನು ನಾವು ಹುಡುಕಬೇಕಾಗಿಲ್ಲ.

ಕೊನೆಗೆ, ಆ ನೀಲಿ ಕಾಗದದ ಮಗಳ ವಿಷಯ. ನಮ್ಮ ಉತ್ತರ ತಲುಪಿದ ಮೇಲೆ ಅವಳು ಮತ್ತೆ ಬರೆಯಲಿಲ್ಲ. ಹಲವು ವರ್ಷಗಳ ಬಳಿಕ ಇದೇ ಮೈಸೂರಿನಲ್ಲಿ ಒಂದು ಮದುವೆಯ ಮನೆಯಲ್ಲಿ ಭೇಟಿಯಾದಳು. ಜೊತೆಯಲ್ಲಿ ಎತ್ತರಕ್ಕೆ ಬೆಳೆದ ಮಗಳಿದ್ದಳು. ತರಬೇತಿಯನ್ನು ಒಂದು ವರ್ಷ ನಿಲ್ಲಿಸಿ, ಪುನಃ ಸೇರಿ, ಮುಗಿಸಿ, ಅಲ್ಲಿಯೇ ಶಿಕ್ಷಕಿಯಾಗಿದ್ದಳು. ನಮ್ಮ ಪತ್ರಕ್ಕಾಗಿ ನಾವು ಕ್ಷಮೆ ಕೇಳಿದೆವು. ಅವಳು ನಕ್ಕು ಹೇಳಿದಳು: “ಜಪಸರ ಹೇಳಿದೆ ಸ್ವಾಮಿ, ದಿನವೂ ಹೇಳಿದೆ. ಪರೀಕ್ಷೆಯ ದಿನ ಮಗುವನ್ನು ಎತ್ತಿಕೊಂಡದ್ದು ಕೆಳಗಿನ ಮನೆಯ ಮುಸಲ್ಮಾನ ಅಜ್ಜಿ. ಮರಿಯಮ್ಮನವರೇ ಕಳುಹಿಸಿದರೆಂದು ತಿಳಿದುಕೊಂಡೆ.” ನಾವು ಸುಮ್ಮನಿದ್ದೆವು. ಅವಳು ಮತ್ತೆ ಹೇಳಿದಳು: “ನಮ್ಮ ದೇವಾಲಯವೂ ಅಲ್ಲಿ ಎರಡು ಬೀದಿಯ ದೂರದಲ್ಲಿತ್ತು.”

ಮಗಳೇ, ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು: ನೀನು ಮಾಡಿದ್ದು ಪಾಪವಲ್ಲ. ಬಾಗಿಲಿನ ಹಿಂದೆ ಅಳುವ ಮಗು, ಬಾಗಿಲಿನ ಮುಂದೆ ಅಳುವ ತಾಯಿ ಇಬ್ಬರೂ ಇದ್ದ ಬೀದಿಯಲ್ಲಿ ಎರಡು ಬೀದಿಯಾಚೆಯ ನಾವು ಬಾರದೆ ಹೋದೆವು. ತಪ್ಪು ನಮ್ಮದು. ಮುಂದಿನ ನೂರು ವರ್ಷಗಳಲ್ಲಿ ಈ ದೇವಾಲಯದಿಂದ ಎರಡು ಬೀದಿಯ ದೂರದಲ್ಲಿರುವ ಯಾವ ತಾಯಿಯೂ ಆ ಮಾತನ್ನು ಆಡದಿರುವಂತೆ ನಾವೆಲ್ಲರೂ ಇಂದು ಸಂಕಲ್ಪ ಮಾಡೋಣ.

ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮ್ಮ ತಾಯಂದಿರಿಗಾಗಿ, ಶಿಕ್ಷಕಿಯರಿಗಾಗಿ, ಪರದೇಶದಲ್ಲಿರುವ ನಮ್ಮ ಮಕ್ಕಳಿಗಾಗಿ ಹಾಗೂ ನಮ್ಮ ಊರಿನಲ್ಲಿರುವ ಪರದೇಶಿಗಳಿಗಾಗಿ ಪ್ರಾರ್ಥಿಸಲಿ. ಸರ್ವಶಕ್ತರಾದ ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.